ಮೂಕಜೀವಿಯ ನೋವೂ ಶ್ರಾವಕನ ವ್ರತವೂ

ಹನ್ನೆರಡು ಹದಿಮೂರು ವರ್ಷ ಮನೆಯಲ್ಲಿ ಬಾಳಿದ ಬೆಕ್ಕು ಹಿಂಗಾಲುಗಳ ಬಲಗುಂದಿ ತೆವಳತೊಡಗಿದರೆ ಶ್ರಾವಕನ ಕರ್ತವ್ಯವೇನು? ಶ್ರೀರಂಗಪಟ್ಟಣದ ಬಳಿಯ ಕಿರಂಗೂರಿನಂಥ ಭತ್ತದ ಸೀಮೆಯಲ್ಲಿ ಈ ಪ್ರಶ್ನೆ ಯಾವ ಮನೆಯಲ್ಲಾದರೂ ಏಳಬಹುದು. ಸ್ವಾಮಿ ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳ ಪೋಷಣೆಯನ್ನು ಅನರ್ಥದಂಡದಲ್ಲಿ ಎಣಿಸಿರುವುದು ನಿಜ. ಆದರೆ ಕಣಜದ ಇಲಿಗಳಿಗಂಜಿ ಬೆಕ್ಕಿಗೆ ಹಾಲೆರೆದವರು ಅದು ಕಾಲು ಕಳೆದುಕೊಂಡ ದಿನವೇ ಆ ಗಾಥೆಯನ್ನು ನೆನೆಯುವುದು ಬಹಳ ಅನುಕೂಲದ ಶಾಸ್ತ್ರಶ್ರದ್ಧೆಯಾಯಿತು.

ಬೆನ್ನೆಲುಬಿನೊಳಗಿನ ಹುರಿಯು ಅದುಮಲ್ಪಟ್ಟಾಗ ಈ ಸ್ಥಿತಿ ಒದಗುವುದುಂಟು. ಮುದಿ ಬೆಕ್ಕುಗಳಲ್ಲಿ ಎಲುಬುಗಳ ನಡುವಣ ಬಿಲ್ಲೆ ಜಾರುವುದೂ ಹುರಿಯ ಹೊದಿಕೆಯಲ್ಲಿ ಗಡ್ಡೆ ಬೆಳೆಯುವುದೂ ಇದಕ್ಕೆ ಕಾರಣಗಳು. ಎಂ.ಆರ್.ಐ. ಚಿತ್ರದಿಂದ ಜಾಗವನ್ನು ಗುರುತಿಸಿ, ಎಲುಬಿನ ಒಂದು ಭಾಗವನ್ನು ಕೊರೆದು ತೆಗೆದು, ಒತ್ತುತ್ತಿರುವುದನ್ನು ನಿವಾರಿಸುವುದೇ ಶಸ್ತ್ರಚಿಕಿತ್ಸೆ. ಹೊದಿಕೆಯ ಸೌಮ್ಯ ಗಡ್ಡೆಯನ್ನು ತೆಗೆದ ಮೇಲೆ ಮತ್ತೆ ನಡೆದ ಬೆಕ್ಕುಗಳುಂಟು. ಕಾಲ್ಬೆರಳನ್ನು ಬಲವಾಗಿ ಹಿಸುಕಿದರೂ ನೋವು ತಿಳಿಯದಿದ್ದರೆ ಆಸೆ ಕಡಿಮೆ. ಮೂತ್ರಪಿಂಡಗಳು ಕೆಟ್ಟಿದ್ದರೆ ಅರಿವಳಿಕೆಯೇ ಅಪಾಯ.

ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ವೈದ್ಯನ ಕತ್ತಿ ಛೇದವಾಗುವುದೇ? ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸೆಯ ಮೂಲವನ್ನು ರಾಗಾದಿ ಭಾವಗಳಲ್ಲಿ ತೋರಿಸಿರುವರು. ಗುಣವಾಗುವ ಭರವಸೆಯುಳ್ಳಾಗ ಕರುಣೆಯಿಂದ ಮಾಡಿಸಿದ ಚಿಕಿತ್ಸೆಗೆ ಆ ದೋಷ ತಟ್ಟದು. ಆಸೆಯಿಲ್ಲವೆಂದು ವೈದ್ಯನು ಹೇಳಿದ ಮೇಲೂ ಅಗಲಲಾರದೆ ಕೊಯ್ಯಿಸಿದರೆ ಅಲ್ಲಿ ಕೆಲಸ ಮಾಡಿದ್ದು ರಾಗ. ನೋವು ಮಾತ್ರ ಬೆಕ್ಕಿನದು.

ಹಾಗಾದರೆ ಸೂಜಿಮದ್ದಿನಿಂದ ಮುಗಿಸಬಹುದೇ? ಉಳಿಸುವುದೇ ಕ್ರೌರ್ಯವೆನಿಸಿದಾಗ 1960ರ ಪ್ರಾಣಿಹಿಂಸಾ ತಡೆ ಕಾಯಿದೆ ಅದಕ್ಕೆ ಎಡೆಗೊಡುತ್ತದೆ. ಆದರೆ ದುಃಖಿಯನ್ನು ಕೊಂದರೆ ದುಃಖ ಬೇಗ ತೀರುವುದೆಂಬ ವಾದವನ್ನು ಅಮೃತಚಂದ್ರರು ಅದೇ ಗ್ರಂಥದಲ್ಲಿ ನಿರಾಕರಿಸಿರುವರು. ವ್ರತಿಗೆ ಕಾಯಿದೆಯ ಅನುಮತಿ ಸಾಲದು.

ಇನ್ನು ಕೆಲವು ಮನೆಗಳಲ್ಲಿ ಮೆಲ್ಲನೆ ಕೇಳಿಬರುವ ಮಾತೊಂದಿದೆ: "ಅದೇ ಅನ್ನ ಬಿಟ್ಟಿದೆ, ಸಲ್ಲೇಖನವೆಂದು ತಿಳಿಯೋಣ." ಇದೇ ಅತ್ಯಂತ ಅಪಾಯದ ಮಾತು. ತಿರ್ಯಂಚರಿಗೆ ವ್ರತವಿಲ್ಲವೆಂದಲ್ಲ, ವರ್ಧಮಾನ ಸ್ವಾಮಿಯ ಜೀವವು ಸಿಂಹದ ಭವದಲ್ಲಿ ಚಾರಣಮುನಿಗಳ ಉಪದೇಶ ಕೇಳಿ ವ್ರತ ತಾಳಿತೆಂದು ಉತ್ತರಪುರಾಣವು ಹೇಳುತ್ತದೆ. ಅದು ತಾನೇ ತಿಳಿದು ಕೈಕೊಂಡ ತ್ಯಾಗ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಸಮಾಧಿ ಶಾಸನಗಳೂ ಸ್ವತಃ ವ್ರತ ತೊಟ್ಟವರನ್ನೇ ಸ್ಮರಿಸುತ್ತವೆ. ರೋಗಿಷ್ಠ ಬೆಕ್ಕು ಅನ್ನ ಬಿಡುವುದು ನೋವಿನಿಂದ, ಓಕರಿಕೆಯಿಂದ. ಕೆಲವೇ ದಿನ ಹಾಗೆ ಕಳೆದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಮತ್ತೊಂದು ಪ್ರಾಣಾಂತಿಕ ರೋಗ ಸೇರಿಕೊಳ್ಳುತ್ತದೆ. ಅದನ್ನು ಉಪವಾಸವೆಂದು ಕರೆದು ಬಟ್ಟಲನ್ನು ಸರಿಸಿದರೆ ಅನ್ನಪಾನನಿರೋಧವೇ ಆಯಿತು.

ಶಸ್ತ್ರಚಿಕಿತ್ಸೆ ಒದಗದ ಮನೆಗೂ ಕೆಲಸ ಉಳಿದಿದೆ. ಮೆತ್ತನೆಯ ಒಣ ಹಾಸು ಬೇಕು. ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು. ತಾನೇ ಮೂತ್ರ ಮಾಡಲಾರದಿದ್ದರೆ ಪಶುವೈದ್ಯರಿಂದ ಕಲಿತು ದಿನಕ್ಕೆ ಮೂರು ನಾಲ್ಕು ಬಾರಿ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಹೊರಡಿಸಬೇಕು. ನೋವಿನ ಮದ್ದನ್ನೂ ಅವರಿಂದಲೇ ಪಡೆಯಬೇಕು. ಮನುಷ್ಯರು ನುಂಗುವ ಪ್ಯಾರಸಿಟಮಾಲ್ ಮಾತ್ರೆ ಒಂದೇ ಆದರೂ ಬೆಕ್ಕನ್ನು ಕೊಲ್ಲಬಲ್ಲದು.