ಸುಮ್ಮನಿದ್ದವರ ಲೆಕ್ಕ

2024ರ ಅಕ್ಟೋಬರ್ 6ರಂದು ಟ್ಯುನೀಷಿಯಾದಲ್ಲಿ ಅಧ್ಯಕ್ಷೀಯ ಚುನಾವಣೆ ನಡೆಯಿತು. ಕೈಸ್ ಸಯೀದ್ ಶೇ. 90ಕ್ಕೂ ಹೆಚ್ಚು ಮತ ಪಡೆದು ಎರಡನೆಯ ಬಾರಿಗೆ ಗೆದ್ದರು. ಆದರೆ ಮತಗಟ್ಟೆಗೆ ಬಂದವರು ಶೇ. 29ರಷ್ಟೂ ಇರಲಿಲ್ಲ. ಹತ್ತು ಮತದಾರರಲ್ಲಿ ಏಳು ಮಂದಿ ಮನೆಯಲ್ಲೇ ಉಳಿದರು. ಮೌನವೇ ಸಮ್ಮತಿಯ ಲಕ್ಷಣ ಎನ್ನುತ್ತೇವೆ ನಾವು. ಈ ಏಳು ಮಂದಿಯ ಮೌನ ಸಮ್ಮತಿಯೇ, ಪ್ರತಿಭಟನೆಯೇ, ಬರಿಯ ಬೇಸರವೇ?

ಗೆದ್ದವರ ಶೇಕಡಾವಾರು ಲೆಕ್ಕ ಈ ಪ್ರಶ್ನೆಗೆ ಉತ್ತರವಾಗದು. ಇದೇ ದೇಶದಲ್ಲಿ 2009ರಲ್ಲಿ ಬೆನ್ ಅಲಿ ಶೇ. 89ಕ್ಕೂ ಹೆಚ್ಚು ಮತದಿಂದ ಗೆದ್ದಿದ್ದರು. 2010ರ ಡಿಸೆಂಬರಿನಲ್ಲಿ ಸಿದಿ ಬುಜಿದ್ ಎಂಬ ಊರಿನಲ್ಲಿ ತಳ್ಳುಗಾಡಿಯ ವ್ಯಾಪಾರಿ ಮೊಹಮದ್ ಬುವಜೀಜಿ ಮೈಗೆ ಬೆಂಕಿ ಹಚ್ಚಿಕೊಂಡರು. ತಿಂಗಳೊಳಗೆ, 2011ರ ಜನವರಿ 14ರಂದು, ಬೆನ್ ಅಲಿ ದೇಶ ಬಿಟ್ಟು ಓಡಿದರು. ಆ ಶೇ. 89ರ ಬೆಲೆ ಅಷ್ಟೇ ಆಗಿತ್ತು.

ಸಯೀದ್ ಅವರ ಕಥೆ ಅಷ್ಟು ಸರಳವಲ್ಲ. ಅವರು ಸಂವಿಧಾನ ಕಾನೂನು ಕಲಿಸುತ್ತಿದ್ದ ಮೇಷ್ಟ್ರು. ಯಾವ ಪಕ್ಷಕ್ಕೂ ಸೇರದೆ 2019ರಲ್ಲಿ ಶೇ. 72ಕ್ಕೂ ಹೆಚ್ಚು ಮತದಿಂದ ಗೆದ್ದರು. ಆ ಗೆಲುವು ನಿಜವಾದ ಪೈಪೋಟಿಯಲ್ಲಿ ಬಂದದ್ದು. 2021ರ ಜುಲೈ 25ರ ರಾತ್ರಿ ಅವರು ಸಂಸತ್ತನ್ನು ಅಮಾನತಿನಲ್ಲಿಟ್ಟಾಗ ಜನ ಬೀದಿಗಿಳಿದು ಸಂಭ್ರಮಿಸಿದ್ದರು. ಕೆಲಸವಿಲ್ಲದ, ಬೆಲೆ ಏರುತ್ತಲೇ ಇದ್ದ ಹತ್ತು ವರ್ಷಗಳ ಪಕ್ಷಜಗಳದಿಂದ ಅವರು ಅಷ್ಟು ರೋಸಿಹೋಗಿದ್ದರು. ಆದರೆ 2024ರ ಹೊತ್ತಿಗೆ ಚುನಾವಣಾ ಆಯೋಗ ಕಣದಲ್ಲಿ ಉಳಿಸಿದ್ದು ಸಯೀದ್ ಸೇರಿ ಮೂವರನ್ನು ಮಾತ್ರ. ಬೇರೆ ಮೂವರನ್ನು ಸೇರಿಸಿಕೊಳ್ಳಿ ಎಂದು ಆಡಳಿತ ನ್ಯಾಯಾಲಯ ತೀರ್ಪಿತ್ತರೂ ಆಯೋಗ ಒಪ್ಪಲಿಲ್ಲ. ಮತದಾನಕ್ಕೆ ಹತ್ತು ದಿನವೂ ಇಲ್ಲದಾಗ, ಚುನಾವಣಾ ವ್ಯಾಜ್ಯ ವಿಚಾರಿಸುವ ಅಧಿಕಾರವನ್ನೇ ಸಂಸತ್ತು ಆ ನ್ಯಾಯಾಲಯದಿಂದ ಕಿತ್ತುಕೊಂಡಿತು. ಕಣದಲ್ಲಿದ್ದ ಅಯಾಶಿ ಝಮ್ಮೆಲ್ ಎಂಬ ಅಭ್ಯರ್ಥಿ ಆಗಲೇ ಜೈಲಿನಲ್ಲಿದ್ದರು.

ಹೊರದೇಶಗಳಲ್ಲಿರುವ ಟ್ಯುನೀಷಿಯನ್ನರಿಗೆ ಮತ ಹಾಕಲು ಮೂರು ದಿನಗಳ ಅವಕಾಶವಿತ್ತು. ಇಲ್ಲಿ ಜರ್ಮನಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬರು ಹೋಗಲಿಲ್ಲ. "ಉತ್ತರ ಬರೆದಿಟ್ಟು ಆಮೇಲೆ ಪ್ರಶ್ನೆ ಕೇಳಿದರೆ ನಾನೇನು ಹೇಳಲಿ?" ಎಂದರು. ನನಗೆ ಒಳಗೊಳಗೇ ಕಸಿವಿಸಿಯಾಯಿತು. ಅನಿವಾಸಿ ಭಾರತೀಯರು 2011ರಿಂದ ಮತದಾರರ ಪಟ್ಟಿಗೆ ಸೇರಬಹುದು. ಆದರೆ ಮತ ಹಾಕಬೇಕಾದರೆ ಊರಿನ ಮತಗಟ್ಟೆಗೇ ಹೋಗಿ ನಿಲ್ಲಬೇಕು. ವಿಮಾನದ ಟಿಕೆಟಿಗೂ ರಜೆಗೂ ಲೆಕ್ಕ ಹಾಕುವ ನನ್ನಂಥವನಿಗೆ, ಮತಪೆಟ್ಟಿಗೆ ಹತ್ತಿರವಿದ್ದೂ ಬೇಡವೆಂದವರನ್ನು ಕಂಡರೆ ಉಂಡವನ ಉದಾಸೀನದಂತೆ ತೋರುವುದು ಸಹಜ.

ಆದರೆ ಅವರು ಉಂಡವರಲ್ಲ. ಮತದ ಬೆಲೆ ಗೆಲ್ಲಿಸುವುದರಲ್ಲಷ್ಟೇ ಇಲ್ಲ, ಸೋಲಿಸಲು ಸಾಧ್ಯ ಎಂಬುದರಲ್ಲಿದೆ. ಅಧಿಕಾರದಲ್ಲಿರುವವನು ಸೋಲಲಾರ ಎಂದು ಮೊದಲೇ ಗೊತ್ತಿದ್ದರೆ ಮತಪೆಟ್ಟಿಗೆ ಬರಿಯ ಪೆಟ್ಟಿಗೆ. ನನಗೆ ದೂರವಿರುವುದು ಮತಗಟ್ಟೆ. ಅವರಿಗೆ ದೂರವಾಗಿರುವುದು ಚುನಾವಣೆಯೇ.

ಹಾಗೆಂದು ಮನೆಯಲ್ಲಿ ಕುಳಿತದ್ದೇ ಪ್ರತಿಭಟನೆಯಾಗಿಬಿಡುವುದಿಲ್ಲ. ಮೌನಕ್ಕೆ ಒಡೆಯರಿಲ್ಲ. ವಿರೋಧಿಗಳು ಅದನ್ನು ಧಿಕ್ಕಾರ ಎನ್ನುತ್ತಾರೆ, ಆಳುವವರು ನೆಮ್ಮದಿ ಎನ್ನುತ್ತಾರೆ, ಎರಡನ್ನೂ ಸುಳ್ಳೆನ್ನಲು ಸುಮ್ಮನಿದ್ದವರ ಬಾಯಿ ಬೇಕು. ಭಾರತದಲ್ಲಿ 2013ರಿಂದ ನೋಟಾ ಗುಂಡಿಯಿದೆ. ಅದು ಫಲಿತಾಂಶ ಬದಲಿಸದು, ಆದರೆ ಬೇಡ ಎಂದದ್ದನ್ನು ಬೇಡ ಎಂದೇ ದಾಖಲಿಸುತ್ತದೆ. ಬೇಸರವನ್ನೂ ಧಿಕ್ಕಾರವನ್ನೂ ಬೇರೆಮಾಡುವುದು ಅಂಥ ಒಂದು ಗುರುತು, ಒಂದು ಮಾತು. ಆದ್ದರಿಂದ ಮತ ಹಾಕದವನು ಏಕೆ ಹಾಕಲಿಲ್ಲವೆಂದು ಹೇಳಬೇಕು ಎಂಬುದು ನನ್ನ ಮೊದಲ ತೀರ್ಮಾನ.

ಅಲ್ಲೇ ಇನ್ನೊಂದು ಮಾತೂ ಎದುರಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಸಯೀದ್ ಹೊರಡಿಸಿದ 54ನೆಯ ಸಂಖ್ಯೆಯ ಆಜ್ಞೆಯ ಪ್ರಕಾರ ಸುಳ್ಳುಸುದ್ದಿ ಹರಡಿದವರಿಗೆ ಐದು ವರ್ಷದವರೆಗೂ ಜೈಲು. ಅದರಡಿ ಪತ್ರಕರ್ತರೂ ವಕೀಲರೂ ಜೈಲು ಕಂಡಿದ್ದಾರೆ. ಅಂಥ ಕಡೆ ಇರುವವರಿಗೆ "ಬಾಯಿಬಿಟ್ಟು ಹೇಳಿ" ಎಂದು ದೂರದಲ್ಲಿ ಕುಳಿತು ಉಪದೇಶಿಸುವುದು ಅಗ್ಗದ ಧೈರ್ಯ. ದೇಶ ಬಿಟ್ಟು ಬಂದವರೂ ಪೂರ್ತಿ ಸುರಕ್ಷಿತರಲ್ಲ; ನನ್ನ ಸಹೋದ್ಯೋಗಿಯ ತಾಯಿ ಇಂದಿಗೂ ಸ್ಫಾಕ್ಸ್‌ನಲ್ಲಿದ್ದಾರೆ.

ಹಾಗಾಗಿ ಮೌನವನ್ನು ತೂಗುವ ಮೊದಲು ಮಾತಿಗೆ ಅಲ್ಲಿ ಏನು ಬೆಲೆ ಎಂದು ಕೇಳಬೇಕು. ಮಾತು ದುಬಾರಿಯಾದ ಕಡೆ ಮೌನದ ಹೊಣೆ ಸುಮ್ಮನಿದ್ದವರಿಗಿಂತ ಹೆಚ್ಚಾಗಿ ಬೆಲೆ ಏರಿಸಿದವರದು. ಮಾತು ಅಗ್ಗವಾಗಿ ಸಿಗುವ ಕಡೆ ಸುಮ್ಮನಿರುವವರಿಗೆ ಆ ವಿನಾಯಿತಿಯಿಲ್ಲ. ಹೊರನಾಡಿನಲ್ಲಿರುವ ನಮ್ಮಲ್ಲಿ ಹೆಚ್ಚಿನವರು ಈ ಎರಡನೆಯ ಗುಂಪಿಗೆ ಸೇರಿದವರು. ಮತ ಹಾಕಲಾಗದು ಎಂಬುದು ನಿಜವಾದ ತೊಡಕು. ಮಾತಾಡಲೂ ಆಗದು ಎನ್ನುವುದಕ್ಕೆ ನಮಗೆ ಅಂಥ ಕಾರಣವೇನೂ ಇಲ್ಲ.