ಕಾಯಿಪಲ್ಲೆಯ ತೋಟವೂ ಅಹಿಂಸಾಣುವ್ರತವೂ

ಗೃಹಸ್ಥನಾದ ಶ್ರಾವಕನಿಗೆ ಕೃಷಿಯು ನಿಷಿದ್ಧವಲ್ಲ. ಆದಿಭಗವಂತನು ಕರ್ಮಭೂಮಿಯ ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಅದೂ ಒಂದು. ಉಳುವಾಗ, ನೀರು ಹಾಯಿಸುವಾಗ ಆಗುವ ಜೀವಹಾನಿಯನ್ನು ಉದ್ಯೋಗೀ ಹಿಂಸೆಯೆಂದು ಎಣಿಸಿ, ಅಣುವ್ರತಿಯು ತ್ಯಜಿಸಲೇಬೇಕಾದ ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿದ್ದಾರೆ. ಆದರೆ ಗಿಡಕ್ಕೆ ಕೀಟ ಬಿದ್ದಾಗ ವಿಷದ ಡಬ್ಬಿಯನ್ನು ಕೈಗೆತ್ತಿಕೊಳ್ಳುವುದು ಯಾವ ಹಿಂಸೆ? ಅಲ್ಲಿ ಕೊಲ್ಲುವುದೇ ಉದ್ದೇಶವಲ್ಲವೇ? ತುಂಗಭದ್ರೆಯ ದಡದ ಹೂವಿನಹಡಗಲಿ ಸೀಮೆಯಲ್ಲಿ ಮಲ್ಲಿಗೆಯೊಡನೆ ಮೆಣಸಿನಕಾಯಿ, ಬೆಂಡೆ, ಟೊಮೆಟೊ ಬೆಳೆಯುವ ಮನೆಗಳಿಗೆ ಇದು ಪ್ರತಿ ಹಂಗಾಮಿನ ಪ್ರಶ್ನೆ.

ಇದು ವಿರೋಧೀ ಹಿಂಸೆಯೆಂದು ಕೆಲವರು ಸಮಾಧಾನ ಹೇಳುವರು. ಆದರೆ ಮೇಲೇರಿ ಬರುವ ವೈರಿಗೆ ದ್ವೇಷಬುದ್ಧಿಯಿದೆ. ಹುಳುವಿಗಿರುವುದು ಆಹಾರಸಂಜ್ಞೆ ಮಾತ್ರ. ಉದ್ಯೋಗೀ ಹಿಂಸೆಯೆನ್ನೋಣವೆಂದರೆ, ಯತ್ನಾಚಾರವಿದ್ದಲ್ಲಿ ಮಾತ್ರ ಅದು ಆ ಹೆಸರಿಗೆ ಅರ್ಹ. ಪ್ರಮಾದಯೋಗದಿಂದಾಗುವ ಪ್ರಾಣಹಾನಿಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ನಿರ್ಣಯ. ಆದುದರಿಂದ ಕೇಳಬೇಕಾದ ಮೊದಲ ಮಾತು, "ಯಾವ ಔಷಧಿ?" ಎಂಬುದಲ್ಲ, "ಗಿಡಕ್ಕೆ ಏನಾಗಿದೆ?" ಎಂಬುದು. ರೋಗವನ್ನು ಅರಿಯದೆ ಸಿಂಪಡಿಸುವುದು ಶುದ್ಧ ಪ್ರಮಾದ.

ಮೆಣಸಿನ ಗಿಡದ ಮುಟುರು ರೋಗವನ್ನೇ ನೋಡಿರಿ. ಎಲೆಯ ಅಂಚು ಮೇಲಕ್ಕೆ ಮುದುಡಿದರೆ ಸಾಮಾನ್ಯವಾಗಿ ಥ್ರಿಪ್ಸ್ ನುಸಿ; ಕೆಳಕ್ಕೆ ಮುದುಡಿದರೆ ಎಂಟು ಕಾಲಿನ ಮೈಟ್ ನುಸಿ. ಇದನ್ನು ತಿಳಿಯದೆ ಕೀಟನಾಶಕ ಹೊಡೆದರೆ ಮೈಟ್ ಉಳಿದು, ಅದನ್ನು ತಿನ್ನುವ ಜೀವಿಗಳು ಸತ್ತು, ರೋಗವೇ ಹೆಚ್ಚುವುದುಂಟು. ಬೆಂಡೆಯ ಎಲೆಯ ನರಗಳು ಹಳದಿಯಾದರೆ ಅದು ಬಿಳಿನೊಣವು ಹರಡುವ ನಂಜು. ಹಿಡಿದ ಗಿಡವನ್ನು ಯಾವ ಔಷಧಿಯೂ ಗುಣಪಡಿಸದು. ಮೊದಲು ಕಂಡ ಎರಡು ಮೂರು ಗಿಡಗಳನ್ನು ಕಿತ್ತರೆ ಏಕೇಂದ್ರಿಯದ ಹಾನಿಯಲ್ಲಿ ಮುಗಿಯುವುದು. ಹೊಲವೆಲ್ಲ ಸಿಂಪಡಿಸಿದರೆ ಅಸಂಖ್ಯ ತ್ರಸಜೀವಗಳ ಘಾತ. ಎಲೆ ಬರಿದೆ ಹಳದಿಯಾಗಿದ್ದರೆ ಗೊಬ್ಬರ ಸಾಲದಿರಬಹುದು, ನೀರು ನಿಂತಿರಬಹುದು. ಅಲ್ಲಿ ಕೊಲ್ಲಲು ಯಾರೂ ಇಲ್ಲ.

ಬರುವ ಮುನ್ನವೇ ತಡೆಯುವುದು ಇನ್ನೂ ಶ್ರೇಯಸ್ಕರ. ಸಸಿಮಡಿಗೆ ನೈಲಾನ್ ಪರದೆ, ಹೊಲದ ಸುತ್ತ ಜೋಳದ ಸಾಲು, ನಂಜು ತಾಳುವಂತೆ ಹೆಸರಘಟ್ಟದ ಸಂಸ್ಥೆಯು ಹೊರತಂದ ಅರ್ಕ ಅನಾಮಿಕ ಬೆಂಡೆಯಂಥ ತಳಿ: ಇವು ಹುಳುವನ್ನು ದೂರವಿಡುವ ಇಲ್ಲವೆ ಗಿಡವನ್ನೇ ಬಲಪಡಿಸುವ ಉಪಾಯಗಳು. ನೂರು ಲೀಟರ್ ನೀರಿಗೆ ಐದು ಕಿಲೋ ಬೇವಿನಬೀಜದ ಕಷಾಯವು ಹುಳುವಿಗೆ ಮೇವು ರುಚಿಸದಂತೆ ಮಾಡುತ್ತದೆ. ಅದರಿಂದ ಎಳೆಯ ಮರಿಗಳು ಸಾಯುವುದೂ ಉಂಟು. ಅದನ್ನು ನಿರ್ದೋಷವೆನ್ನಲಾಗದು, ಅಲ್ಪದೋಷವೆನ್ನಬಹುದು. ಸಂಜೆ ಸಿಂಪಡಿಸಿದರೆ ಚತುರಿಂದ್ರಿಯವಾದ ಜೇನು ಬದುಕೀತು.

ಇಲ್ಲಿ ನಮ್ಮ ಅಡುಗೆಮನೆಯನ್ನೂ ವಿಚಾರಿಸಬೇಕು. ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರು ತರಕಾರಿಯನ್ನು ತ್ಯಜಿಸುತ್ತೇವೆ. ಚಾತುರ್ಮಾಸದಲ್ಲಿ ಸೊಪ್ಪನ್ನು ಮುಟ್ಟುವುದಿಲ್ಲ. ಕಾಯನ್ನು ಸೀಳಿ ಹುಳುವಿಲ್ಲವೆಂದು ಕಂಡ ಮೇಲೆಯೇ ಒಲೆಗೇರಿಸುತ್ತೇವೆ. ಇದೆಲ್ಲ ಸರಿಯೇ. ಆದರೆ ಸಂತೆಯಲ್ಲಿ ಒಂದೂ ತೂತಿಲ್ಲದ ಹೊಳೆಯುವ ಕಾಯನ್ನೇ ಆರಿಸುವಾಗ, ಆ ಹುಳು ಎಲ್ಲಿ ಹೋಯಿತೆಂದು ಕೇಳುತ್ತೇವೆಯೇ? ನಾವು ಹುಳುವಿಲ್ಲದುದನ್ನು ಬಯಸಿದರೆ ಬೆಳೆಗಾರನು ಹುಳುವನ್ನು ಕೊಲ್ಲುವನು. ಕೃತದಲ್ಲಿ ನಾವಿಲ್ಲದಿರಬಹುದು, ಕಾರಿತ, ಅನುಮೋದನೆಗಳಿಂದ ತಪ್ಪಿಸಿಕೊಳ್ಳುವುದು ಹೇಗೆ? ವಿಷವನ್ನೂ ಹಿಂಸೆಯ ಉಪಕರಣವನ್ನೂ ಪರರಿಗೆ ಕೊಡುವುದನ್ನು ಸಮಂತಭದ್ರಾಚಾರ್ಯರು ಹಿಂಸಾದಾನವೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಉಳಿದ ಔಷಧಿಯನ್ನು ನೆರೆಯವನಿಗೆ ಕೊಡುವವರು ಇದನ್ನು ನೆನೆಯಲಿ.

ವಿಷವು ಗುರಿಯಲ್ಲಿ ನಿಲ್ಲುವುದಿಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದರು. ಗುರಿ ಒಂದು ಸಣ್ಣ ತಿಗಣೆ. ನೊಂದವರು ತೋಟದ ಬದಿಯ ಹಳ್ಳಿಯ ಮಕ್ಕಳು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು.

ಹಾಗಾದರೆ ಬೆಳೆಯೆಲ್ಲ ಹೋಗುವ ಹೊತ್ತಿಗೆ ಬಡ ರೈತನು ಏನು ಮಾಡಬೇಕು? ಅವನ ಮಕ್ಕಳ ಅನ್ನವೂ ಧರ್ಮದ ವಿಷಯವೇ. ಗುರುತಿಸಿ, ತಡೆದು, ಕಾದು ನೋಡಿ, ಬೇರೆ ದಾರಿಯಿಲ್ಲದಾಗ ಅಗತ್ಯವಿದ್ದಷ್ಟೇ ಮಾಡಿದವನನ್ನೂ, ವಾರಕ್ಕೊಮ್ಮೆ ಅಭ್ಯಾಸಬಲದಿಂದ ಸಿಂಪಡಿಸುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಮೊದಲನೆಯವನು ತಾನು ನಿರ್ದೋಷಿಯೆಂದು ಭಾವಿಸದೆ ಪ್ರತಿಕ್ರಮಣದಲ್ಲಿ ಅದನ್ನು ಸೇರಿಸಲಿ.

ಉಳಿದ ನಾವು ಪರಿಗ್ರಹಪರಿಮಾಣದೊಳಗೆ ಒಂದು ಸಣ್ಣ ನಿಯಮವನ್ನು ಸ್ವೀಕರಿಸಬಹುದು: ಬೆಳೆಯುವವರು ಫಸಲಿನ ಒಂದು ಪಾಲು ಹುಳುವಿನದೆಂದು ಮೊದಲೇ ಬಿಟ್ಟುಬಿಡಲಿ, ಕೊಳ್ಳುವವರು ತೂತುಬಿದ್ದ ಕಾಯಿಗೂ ಬೆಲೆ ಕೊಡಲಿ, ಮನೆಗೆ ತಂದು ಕೆಟ್ಟ ಭಾಗವನ್ನು ಹುಳುಸಹಿತ ನೆರಳಿನಲ್ಲಿ ಬಿಡಲಿ. ಲೋಭ ತಗ್ಗಿದಷ್ಟೂ ಹಿಂಸೆ ತಗ್ಗುವುದು.