ಚಲನೆ, ಕಾಲ ಮತ್ತು ‘ಬ್ರೇಡ್’ ಆಟದ ನಾಲ್ಕನೆಯ ಲೋಕ

ಚಲನೆಯೇ ಇಲ್ಲದಿದ್ದರೆ ಕಾಲ ಇರುತ್ತದೆಯೇ ಎಂಬ ಪ್ರಶ್ನೆಗೆ ಯುರೋಪಿನ ತತ್ತ್ವಚಿಂತನೆಯಲ್ಲಿ ಪರಸ್ಪರ ಒಪ್ಪದ ಎರಡು ಉತ್ತರಗಳು ಪ್ರಸಿದ್ಧವಾಗಿವೆ. ಹೊರಗಿನ ಯಾವ ವಸ್ತುವಿನ ಹಂಗೂ ಇಲ್ಲದೆ ಕಾಲವು ತನ್ನಷ್ಟಕ್ಕೆ ತಾನು ಸಮಗತಿಯಲ್ಲಿ ಹರಿಯುತ್ತದೆ ಎಂದು ನ್ಯೂಟನ್ 1687ರ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಪ್ರತಿಪಾದಿಸಿದನು. ಘಟನೆಗಳು ಒಂದರ ಹಿಂದೊಂದು ಬರುವ ಕ್ರಮಕ್ಕೇ ಕಾಲವೆಂದು ಹೆಸರು, ಘಟನೆಗಳನ್ನೆಲ್ಲ ತೆಗೆದ ಮೇಲೆ ಉಳಿಯುವ ಬರಿಯ ಕಾಲವೆಂಬುದು ಯಾವುದೂ ಇಲ್ಲ ಎಂದು ಲೈಬ್ನಿಟ್ಸ್ 1715–16ರಲ್ಲಿ ನ್ಯೂಟನ್ನನ ಪಕ್ಷದ ಸ್ಯಾಮ್ಯುಯೆಲ್ ಕ್ಲಾರ್ಕನಿಗೆ ಬರೆದ ಪತ್ರಗಳಲ್ಲಿ ವಾದಿಸಿದನು. ಇದೇ ವಿವಾದವನ್ನು ಕೈಯಾರೆ ಆಡಿ ಪರೀಕ್ಷಿಸಲು ಅವಕಾಶ ಕೊಡುವ ಪುಟ್ಟ ವಿಡಿಯೊ ಗೇಮ್ ಒಂದು 2008ರ ಆಗಸ್ಟ್‌ನಲ್ಲಿ ಪ್ರಕಟವಾಯಿತು; ಅದರ ಹೆಸರು ‘ಬ್ರೇಡ್’.

ಅಮೆರಿಕದ ಜೋನಾಥನ್ ಬ್ಲೋ ರೂಪಿಸಿ, ಡೇವಿಡ್ ಹೆಲ್‌ಮನ್ ಚಿತ್ರಗಳನ್ನು ಬರೆದ ಈ ಆಟದಲ್ಲಿ ಟಿಮ್ ಎಂಬ ಕೋಟು ತೊಟ್ಟ ಚಿಕ್ಕ ಮನುಷ್ಯನು ರಾಜಕುಮಾರಿಯೊಬ್ಬಳನ್ನು ಹುಡುಕುತ್ತ ಹೋಗುತ್ತಾನೆ. ಓಡುವುದು, ಜಿಗಿಯುವುದು, ಏಣಿ ಹತ್ತುವುದು, ಎದುರಾದ ಪ್ರಾಣಿಗಳ ತಲೆಯ ಮೇಲೆ ಹಾರಿ ಅವನ್ನು ಕೊಲ್ಲುವುದು ಇವೆಲ್ಲ ‘ಮಾರಿಯೋ’ ಆಟಗಳಿಂದ ಪರಿಚಿತವಾದ ಸಾಮಗ್ರಿಯೇ. ಆದರೆ ಇಲ್ಲಿ ಒಂದು ಗುಂಡಿಯನ್ನು ಒತ್ತಿ ಹಿಡಿದರೆ ನಡೆದುದೆಲ್ಲವೂ ಹಿಂದಕ್ಕೆ ಸರಿಯುತ್ತದೆ, ಸತ್ತ ಟಿಮ್ ಮತ್ತೆ ಎದ್ದು ನಿಲ್ಲುತ್ತಾನೆ. ಈ ಕ್ರಿಯೆಯನ್ನು ಇಲ್ಲಿ ಹಿಮ್ಮರಳಿಕೆ ಎಂದು ಕರೆಯಬಹುದು. ಆಟವು ಹಲವು ಲೋಕಗಳಾಗಿ ವಿಂಗಡವಾಗಿದ್ದು, ಪ್ರತಿಯೊಂದು ಲೋಕಕ್ಕೂ ಕಾಲದ ಬೇರೆಬೇರೆ ನಿಯಮವಿದೆ: ಒಂದರಲ್ಲಿ ಹಸಿರಾಗಿ ಮಿನುಗುವ ವಸ್ತುಗಳು ಹಿಮ್ಮರಳಿಕೆಗೆ ಜಗ್ಗುವುದಿಲ್ಲ, ಮತ್ತೊಂದರಲ್ಲಿ ಹಿಂದಕ್ಕೆ ಸರಿದಾಗ ಟಿಮ್‌ನ ನೆರಳೊಂದು ಹುಟ್ಟಿ ಅವನು ಮೊದಲು ಮಾಡಿದ್ದನ್ನೇ ಮತ್ತೆ ಮಾಡುತ್ತದೆ. ತತ್ತ್ವದ ದೃಷ್ಟಿಯಿಂದ ಇವೆಲ್ಲಕ್ಕಿಂತ ಆಳವಾದುದು ನಾಲ್ಕನೆಯ ಲೋಕ.

ಆ ಲೋಕದಲ್ಲಿ ಟಿಮ್ ಬಲಕ್ಕೆ ನಡೆದರೆ ಉಳಿದೆಲ್ಲವೂ ಮುಂದಕ್ಕೆ ಚಲಿಸುತ್ತದೆ, ಎಡಕ್ಕೆ ನಡೆದರೆ ಹಿಂದಕ್ಕೆ ಚಲಿಸುತ್ತದೆ, ಅವನು ನಿಂತರೆ ಎಲ್ಲವೂ ನಿಲ್ಲುತ್ತದೆ. ಬಲಕ್ಕೆ ಹೋಗುತ್ತ ಕೊಂದ ಪ್ರಾಣಿ ಎಡಕ್ಕೆ ಬರುವಾಗ ಬದುಕಿಕೊಳ್ಳುತ್ತದೆ. ಹಿನ್ನೆಲೆಯ ಸಂಗೀತವೂ ಅವನ ಹೆಜ್ಜೆಯ ದಿಕ್ಕನ್ನು ಅನುಸರಿಸಿ ಮುಂದಕ್ಕೋ ಹಿಂದಕ್ಕೋ ನುಡಿಯುತ್ತದೆ. ಏಣಿಯನ್ನು ನೇರವಾಗಿ ಏರಿ ಇಳಿದರೆ ಕಾಲ ಕದಲುವುದಿಲ್ಲ, ಏಕೆಂದರೆ ಅಲ್ಲಿ ಕಾಲವನ್ನು ನಿರ್ಧರಿಸುವುದು ಟಿಮ್ ಇರುವ ಅಡ್ಡಗೆರೆಯ ಸ್ಥಾನ ಮಾತ್ರ. ಸ್ಥಾನವೇ ಕಾಲವಾಗಿರುವ, ಒಬ್ಬನ ಚಲನೆಯೇ ಎಲ್ಲರ ಕಾಲವಾಗಿರುವ ಜಗತ್ತು ಇದು.

ಮೇಲ್ನೋಟಕ್ಕೆ ಇದು ಲೈಬ್ನಿಟ್ಸ್‌ನ ಗೆಲುವಿನಂತೆ ಕಾಣುತ್ತದೆ. ಇನ್ನೂ ಹಿಂದಕ್ಕೆ ಹೋದರೆ, ಹಿಂದು ಮತ್ತು ಮುಂದು ಎಂಬ ಭೇದದ ಮೂಲಕ ಎಣಿಸಲಾದ ಚಲನೆಯ ಸಂಖ್ಯೆಯೇ ಕಾಲ ಎಂದು ತನ್ನ ‘ಭೌತಶಾಸ್ತ್ರ’ದ ನಾಲ್ಕನೆಯ ಭಾಗದಲ್ಲಿ ಲಕ್ಷಣ ಹೇಳಿದ ಅರಿಸ್ಟಾಟಲನ ಗೆಲುವಿನಂತೆಯೂ ತೋರುತ್ತದೆ. ಆದರೆ ಈ ಲಕ್ಷಣವನ್ನು ಹೇಳುವುದಕ್ಕೂ ಮುಂಚೆ ಅರಿಸ್ಟಾಟಲನು ಒಂದು ಎಚ್ಚರಿಕೆಯನ್ನು ಕೊಟ್ಟಿದ್ದಾನೆ: ಚಲನೆಯು ಚಲಿಸುವ ವಸ್ತುವಿನಲ್ಲಿ ಮಾತ್ರ ಇರುತ್ತದೆ, ಕಾಲವಾದರೋ ಎಲ್ಲೆಡೆ ಎಲ್ಲದರೊಂದಿಗೂ ಸಮಾನವಾಗಿರುತ್ತದೆ, ಆದ್ದರಿಂದ ಕಾಲವೂ ಚಲನೆಯೂ ಒಂದೇ ಅಲ್ಲ. ‘ಬ್ರೇಡ್’ನ ನಾಲ್ಕನೆಯ ಲೋಕ ನಿರಾಕರಿಸುವುದು ಈ ಮಾತನ್ನೇ. ಆ ನಿರಾಕರಣೆ ನಿಲ್ಲುತ್ತದೆಯೇ ಎಂಬುದನ್ನು ಆಟದೊಳಗಿನಿಂದಲೇ ನೋಡಬೇಕು.

ಟಿಮ್ ಒಂದು ಏಣಿಯ ಬುಡದಿಂದ ಹೊರಟು ಬಲಕ್ಕೆ ಹತ್ತು ಹೆಜ್ಜೆ ನಡೆದು ಮತ್ತೆ ಅಲ್ಲಿಗೇ ಬಂದನೆನ್ನೋಣ. ಲೋಕದ ನಿಯಮದ ಪ್ರಕಾರ ಹೊರಟ ಹೊತ್ತು ಮತ್ತು ಮರಳಿದ ಹೊತ್ತು ಒಂದೇ, ಏಕೆಂದರೆ ಸ್ಥಾನ ಒಂದೇ. ಹಾಗಾದರೆ ಅವನು ಮೊದಲು ಹೋದನು, ಆಮೇಲೆ ಬಂದನು ಎಂಬ ಮಾತಿನಲ್ಲಿರುವ ‘ಮೊದಲು’ ಮತ್ತು ‘ಆಮೇಲೆ’ ಯಾವ ಕಾಲಕ್ಕೆ ಸೇರಿದವು? ಲೋಕದ ಕಾಲಕ್ಕೆ ಸೇರಿದವಾಗಿರಲು ಸಾಧ್ಯವಿಲ್ಲ, ಏಕೆಂದರೆ ಅದರಲ್ಲಿ ಆ ಎರಡು ಹೊತ್ತುಗಳಿಗೆ ಭೇದವೇ ಇಲ್ಲ. ಇದು ಮಾತಿನ ಚಮತ್ಕಾರವಲ್ಲ. ಹಿಮ್ಮರಳಿಕೆಯ ಗುಂಡಿ ಈ ಲೋಕದಲ್ಲಿಯೂ ಕೆಲಸ ಮಾಡುತ್ತದೆ, ಮತ್ತು ಅದನ್ನು ಒತ್ತಿದಾಗ ಟಿಮ್‌ನ ಹೋಗುವಿಕೆ ಬರುವಿಕೆಗಳು ತಮ್ಮ ಸರಿಯಾದ ಕ್ರಮದಲ್ಲಿ ಒಂದೊಂದಾಗಿ ಅಳಿಸಿಹೋಗುತ್ತವೆ. ಅಂದರೆ ಸ್ಥಾನಕಾಲದ ಅಡಿಯಲ್ಲಿ ಎರಡನೆಯ ಕಾಲವೊಂದನ್ನು ಆಟವು ಇಟ್ಟುಕೊಂಡೇ ಇದೆ. ಇಟ್ಟುಕೊಳ್ಳದೆ ಅದಕ್ಕೆ ಗತ್ಯಂತರವೇ ಇರಲಿಲ್ಲ. ಒಬ್ಬನ ಚಲನೆಯನ್ನು ಎಲ್ಲರ ಕಾಲವನ್ನಾಗಿ ಮಾಡಿದ ಕೂಡಲೇ, ಆ ಒಬ್ಬನ ಚಲನೆ ನಡೆಯುವುದಕ್ಕೆ ಬೇರೊಂದು ಕಾಲ ಬೇಕಾಗುತ್ತದೆ. ನಮ್ಮ ವೈಶೇಷಿಕ ದರ್ಶನವು ಕಾಲವನ್ನು ಒಂದೇ ಆದ, ನಿತ್ಯವಾದ, ಸ್ವತಃ ಚಲಿಸದ ದ್ರವ್ಯವೆಂದು ಒಪ್ಪಿ, ಹಿಂದು ಮುಂದು, ಒಟ್ಟಿಗೆ, ತಡವಾಗಿ, ಬೇಗ ಎಂಬ ತಿಳಿವಳಿಕೆಗಳಿಂದ ಅದನ್ನು ಅನುಮಾನಿಸಬೇಕೆಂದು ಹೇಳುವುದು ಇಂಥ ಇಕ್ಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದಾಗ ಹೆಚ್ಚು ಸಮಂಜಸವಾಗಿ ಕಾಣುತ್ತದೆ.

ಹಾಗೆಂದು ನ್ಯೂಟನ್ನನಿಗೋ ವೈಶೇಷಿಕರಿಗೋ ಜಯಪತ್ರ ಬರೆದುಕೊಡುವುದೂ ಆತುರವಾಗುತ್ತದೆ. ಟಿಮ್ ನಿಂತಾಗ ಪರದೆಯ ಮೇಲಿನ ಪ್ರಾಣಿಗಳು, ಫಿರಂಗಿಯ ಗುಂಡುಗಳು, ಸಂಗೀತ ಎಲ್ಲವೂ ಸ್ತಬ್ಧವಾಗುತ್ತವೆ. ಒಗಟು ಬಿಡಿಸುವ ಕೆಲಸ ನಡೆಯುವುದು ಬಹುಪಾಲು ಆ ಸ್ತಬ್ಧತೆಯಲ್ಲಿಯೇ. ಬಲಕ್ಕೆ ಹೋಗುವಾಗ ಎತ್ತಿಕೊಂಡ ಕೀಲಿಕೈ ಎಡಕ್ಕೆ ತಿರುಗಿದೊಡನೆ ಏಕೆ ಕೈತಪ್ಪಿ ತನ್ನ ಹಳೆಯ ಜಾಗಕ್ಕೆ ಹೊರಡುತ್ತದೆ, ಅದನ್ನು ಎಡಗಡೆಯ ಬಾಗಿಲಿಗೆ ತಲುಪಿಸುವುದು ಹೇಗೆ ಎಂದು ಆಡುವವನು ಯೋಚಿಸುತ್ತಿರುವಷ್ಟು ಹೊತ್ತು ಆ ಲೋಕದಲ್ಲಿ ಏನೂ ನಡೆಯುತ್ತಿರುವುದಿಲ್ಲ, ಆದರೂ ಅವನಿಗೆ ಹೊತ್ತು ಕಳೆದ ಅರಿವಿರುತ್ತದೆ. ಈ ಅರಿವು ಬದಲಾವಣೆಯಿಲ್ಲದ ಶುದ್ಧ ಕಾಲದ ಅರಿವಲ್ಲ. ಕತ್ತಲೆಯಲ್ಲಿದ್ದು ದೇಹಕ್ಕೆ ಏನೊಂದೂ ತಾಗದಿದ್ದರೂ ಮನಸ್ಸಿನಲ್ಲಿ ಒಂದು ಚಲನೆಯಾದರೆ ಸಾಕು, ಕಾಲ ಕಳೆಯಿತೆಂದು ನಾವು ಭಾವಿಸುತ್ತೇವೆ ಎಂಬ ಅರಿಸ್ಟಾಟಲನ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ: ನಿಂತಿರುವುದು ಟಿಮ್, ಚಲಿಸುತ್ತಿರುವುದು ಆಡುವವನ ಬುದ್ಧಿ.

ಯೋಗಸೂತ್ರಗಳ ಮೇಲಿನ ವ್ಯಾಸಭಾಷ್ಯವು ಈ ಪ್ರಶ್ನೆಯನ್ನು ಇನ್ನೂ ಹತ್ತಿರದಿಂದ ಮುಟ್ಟುತ್ತದೆ. ಚಲಿಸುವ ಅಣುವೊಂದು ತಾನಿದ್ದ ಸ್ಥಾನವನ್ನು ಬಿಟ್ಟು ಮುಂದಿನ ಸ್ಥಾನವನ್ನು ಸೇರಲು ತೆಗೆದುಕೊಳ್ಳುವಷ್ಟು ಕಾಲವೇ ಕ್ಷಣ ಎಂದು ಅದು ವಿವರಿಸುತ್ತದೆ. ಎಂದರೆ ಕಾಲದ ಅತಿ ಸಣ್ಣ ಅಂಶಕ್ಕೆ ಅಳತೆಗೋಲು ಸ್ಥಾನಾಂತರವೇ. ಆದರೆ ಒಂದೊಂದು ಕ್ಷಣ ಮಾತ್ರ ವಾಸ್ತವ, ಎರಡು ಕ್ಷಣಗಳು ಒಟ್ಟಿಗೆ ಇರಲಾರವು, ಮುಹೂರ್ತ ಅಹೋರಾತ್ರಗಳೆಂಬ ದೀರ್ಘ ಕಾಲವೆಲ್ಲ ಬುದ್ಧಿಯು ಕೂಡಿಸಿಕೊಂಡದ್ದು ಎಂದು ಭಾಷ್ಯವು ಮುಂದುವರಿಸುತ್ತದೆ. ನಾಲ್ಕನೆಯ ಲೋಕದ ಪ್ರಾಣಿಗೆ ಟಿಮ್‌ನ ಹೆಜ್ಜೆಗೊಂದು ಕ್ಷಣವಿದೆ, ಕೂಡಿಸುವ ಬುದ್ಧಿಯಿಲ್ಲ. ಬದುಕಿ ಸತ್ತು ಮತ್ತೆ ಬದುಕಿದ ಅದಕ್ಕೆ ತನ್ನ ಸಾವು ಎಂದೂ ನಡೆದೇ ಇಲ್ಲ. ಆಡುವವನಿಗೆ ಮಾತ್ರ ಅದು ನಡೆದು ಅಳಿಸಿಹೋದ ಘಟನೆ.

ಇದರಿಂದ ಹೊರಡುವ ನಿರ್ಣಯವನ್ನು ಹೀಗೆ ಹೇಳಬಹುದು: ಕಾಲಕ್ಕೆ ಚಲನೆ ಬೇಕು, ಆದರೆ ಒಂದೇ ಚಲನೆ ಸಾಲದು. ಕನಿಷ್ಠ ಎರಡು ಬದಲಾವಣೆಗಳು ಒಂದನ್ನೊಂದು ಅಳೆಯುವಂತಿದ್ದಾಗ ಮಾತ್ರ ಕಾಲವೆಂಬ ಕ್ರಮ ಮೈದಾಳುತ್ತದೆ, ಮತ್ತು ಆ ಕ್ರಮವು ಅವೆರಡರಲ್ಲಿ ಯಾವ ಒಂದರ ಸ್ವತ್ತೂ ಆಗಲಾರದು. 2016ರಲ್ಲಿ ಬಂದ ‘ಸೂಪರ್‌ಹಾಟ್’ ಎಂಬ ಪೋಲೆಂಡಿನ ಆಟವೂ ಆಡುವವನ ಚಲನೆಗೆ ಕಾಲವನ್ನು ಕಟ್ಟಿಹಾಕುತ್ತದೆ, ಆದರೆ ಅಲ್ಲಿ ಕಾಲ ಹಿಂದಕ್ಕೆ ಹೋಗುವುದಿಲ್ಲವಾದ್ದರಿಂದ ಈ ತೊಡಕು ಹೊರಗೆ ಬೀಳುವುದೇ ಇಲ್ಲ.

ಇದೆಲ್ಲ ಕಂಪ್ಯೂಟರಿನ ಒಂದು ಕಾರ್ಯಕ್ರಮ, ಅದರಿಂದ ಲೋಕದ ಬಗ್ಗೆ ಏನನ್ನು ಕಲಿಯಲು ಸಾಧ್ಯ ಎಂಬ ಆಕ್ಷೇಪವಿದೆ. ಆಟವು ಪ್ರತಿ ಚೌಕಟ್ಟಿನ ಸ್ಥಿತಿಯನ್ನು ದಾಖಲಿಸಿಟ್ಟುಕೊಂಡು ಹಿಮ್ಮರಳಿಕೆಯಲ್ಲಿ ಅದನ್ನೇ ಓದಿಹೇಳುತ್ತದೆ ಎಂಬುದು ನಿಜ. ಆದರೆ ತತ್ತ್ವಜ್ಞರು ನೆಚ್ಚಿಕೊಂಡಿರುವ ಚಿಂತನಪ್ರಯೋಗಗಳೂ, ಅಂದರೆ ಕಲ್ಪಿತ ಸನ್ನಿವೇಶದ ಮೂಲಕ ಒಂದು ಪರಿಕಲ್ಪನೆಯನ್ನು ಪರೀಕ್ಷಿಸುವ ವಿಧಾನಗಳೂ, ಕಟ್ಟಿದ ಲೋಕಗಳೇ. ಸಿಡ್ನಿ ಶೂಮೇಕರ್ 1969ರ ಪ್ರಬಂಧವೊಂದರಲ್ಲಿ ಮೂರು ವಲಯಗಳ ವಿಶ್ವವನ್ನು ಕಲ್ಪಿಸಿ, ಅವು ಕ್ರಮವಾಗಿ ಮೂರು, ನಾಲ್ಕು, ಐದು ವರ್ಷಗಳಿಗೊಮ್ಮೆ ಒಂದು ವರ್ಷ ಹೆಪ್ಪುಗಟ್ಟುತ್ತವೆಂದೂ, ಆದ್ದರಿಂದ 60 ವರ್ಷಕ್ಕೊಮ್ಮೆ ಇಡೀ ವಿಶ್ವವೇ ಒಂದು ವರ್ಷ ಬದಲಾವಣೆಯಿಲ್ಲದೆ ಇರುತ್ತದೆಂದು ನಂಬಲು ಅಲ್ಲಿನವರಿಗೆ ಆಧಾರವಿರುತ್ತದೆಂದೂ ವಾದಿಸಿದನು. ಅಂಥ ಲೋಕವನ್ನು ಓದುಗನು ಅರೆಬರೆಯಾಗಿ ಕಲ್ಪಿಸಿಕೊಂಡು ತಲೆದೂಗಿಬಿಡಬಹುದು. ಆಟದಲ್ಲಿ ಆ ಸೌಕರ್ಯವಿಲ್ಲ: ನಿಯಮವನ್ನು ತಪ್ಪಾಗಿ ಗ್ರಹಿಸಿದವನಿಗೆ ಬಾಗಿಲು ತೆರೆಯುವುದಿಲ್ಲ, ಮತ್ತು ನಿಯಮವನ್ನು ಅಸ್ಪಷ್ಟವಾಗಿ ಬರೆದ ಕರ್ತೃವಿಗೆ ಕಾರ್ಯಕ್ರಮವೇ ನಡೆಯುವುದಿಲ್ಲ. ಎರಡನೆಯ ಕಾಲವೊಂದು ಬೇಕೆಂಬ ಸತ್ಯವು ವಾದದಲ್ಲಿ ಮರೆಯಾಗಿ ಉಳಿಯಬಹುದಾದರೂ ಕಟ್ಟುವ ಕೆಲಸದಲ್ಲಿ ತಲೆಯೆತ್ತದೆ ಇರದು.

ಕಾಲದ ಪ್ರಶ್ನೆಯಲ್ಲಿ ಆಸಕ್ತಿಯುಳ್ಳವರು, ವಿಶೇಷವಾಗಿ ದರ್ಶನಗಳನ್ನು ಕಲಿಯುತ್ತಿರುವ ವಿದ್ಯಾರ್ಥಿಗಳು, 2024ರಲ್ಲಿ ಹೊಸ ಆವೃತ್ತಿಯಾಗಿಯೂ ಬಂದಿರುವ ಈ ಆಟದ ನಾಲ್ಕನೆಯ ಲೋಕವನ್ನು ಒಮ್ಮೆ ಆಡಿ ನೋಡಬೇಕು. ಆಡುವಾಗ ಒಗಟುಗಳ ಉತ್ತರವನ್ನು ಬೇರೆಲ್ಲಿಯೂ ಹುಡುಕದೆ, ಟಿಮ್‌ನನ್ನು ನಿಲ್ಲಿಸಿ ತಾವೇ ಯೋಚಿಸಬೇಕು.